ಕಾಣದ ಕೈಗೆ ಸಲ್ಲುವ ಕಾಯಕ

ಕಳೆದ ಕಾರ್ತಿಕ ಮಾಸದ ಒಂದು ಸೋಮವಾರ. ಇಷ್ಟಲಿಂಗ ಪೂಜೆಯನ್ನು ಪೂರೈಸಿ ನಾವು ಹಜಾರಕ್ಕೆ ಬರುವ ವೇಳೆಗೆ ಭಕ್ತರ ಸಾಲಿನ ಕೊನೆಯಲ್ಲಿ ಒಬ್ಬ ತರುಣ ನಿಂತಿದ್ದ. ಅವನ ತಂದೆ ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಇಂಥವರು ಬಂದರೆ ಮದುವೆಯ ಮುಹೂರ್ತಕ್ಕೋ ಗೃಹಪ್ರವೇಶಕ್ಕೋ ಅಮೆರಿಕಾ ಪ್ರಯಾಣಕ್ಕೋ ಆಶೀರ್ವಾದ ಬೇಡುವುದು ವಾಡಿಕೆ. ಈತ ಕೇಳಿದ್ದೇ ಬೇರೆ. "ಬುದ್ಧೀ, ಎಂಟು ವರ್ಷದಿಂದ ದುಡೀತಾ ಇದೀನಿ. ಸಂಬಳಕ್ಕೆ ಕೊರತೆ ಇಲ್ಲ. ಆದರೆ ನನ್ನ ಕೆಲಸದಿಂದ ಯಾರಿಗೆ ಒಳ್ಳೇದಾಯ್ತು ಅಂತ ಕೇಳಿಕೊಂಡರೆ ಒಬ್ಬರ ಹೆಸರೂ ಹೊಳೆಯೋದಿಲ್ಲ. ಎಲ್ಲ ಬಿಟ್ಟು ಮಠಕ್ಕೆ ಬಂದು ಮಕ್ಕಳಿಗೆ ಪಾಠ ಹೇಳಲಾ?"

ಎಂಥ ಕೆಲಸವಪ್ಪಾ ಎಂದು ವಿಚಾರಿಸಿದೆವು. ಮೊಬೈಲ್ ಫೋನಿನಲ್ಲಿಯೇ ಸಾಲ ಕೊಡುವ ಕಂಪನಿಯಂತೆ. ಸಾಲಗಾರನಿಗೆ ಯಾವ ಹೊತ್ತಿನಲ್ಲಿ ಸಂದೇಶ ಕಳುಹಿಸಿದರೆ ಆತ ಇನ್ನೊಂದು ಸಾಲಕ್ಕೆ ಗುಂಡಿ ಒತ್ತುತ್ತಾನೆ ಎಂಬುದನ್ನು ಲೆಕ್ಕ ಹಾಕುವ ತಂತ್ರಾಂಶವನ್ನು ಬರೆಯುವುದು ಇವನ ಪಾಲಿನ ಕೆಲಸ.

ಅಂದು ಜನಸಂದಣಿ ಹೆಚ್ಚಿತ್ತು. "ಕೆಲಸ ಬಿಡಬೇಡ, ಮನೆಯ ಮೇಲೆ ಸಾಲವಿದೆ, ವಯಸ್ಸಾದ ತಂದೆತಾಯಿಗಳಿದ್ದಾರೆ. ಗಳಿಕೆಯಲ್ಲಿ ಒಂದು ಪಾಲನ್ನು ದಾಸೋಹಕ್ಕೆ ಸಲ್ಲಿಸು, ಶಿವ ಮೆಚ್ಚುತ್ತಾನೆ" ಎಂದು ಹೇಳಿ ವಿಭೂತಿ ಕೊಟ್ಟು ಕಳುಹಿಸಿದೆವು. ಅವನು ಪಾದಕ್ಕೆ ಎರಗಿ ಹೊರಟುಹೋದ. ಮುಖ ಅರಳಲಿಲ್ಲ.

ಆ ರಾತ್ರಿ ನಮಗೆ ನೆನಪಾದವರು ಆಯ್ದಕ್ಕಿ ಲಕ್ಕಮ್ಮ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಆತ ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ ಆ ತಾಯಿ ಒಲೆಯನ್ನು ಹಚ್ಚಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಆ ಅಕ್ಕಿಯೂ ಜಂಗಮ ದಾಸೋಹಕ್ಕೇ ಸಲ್ಲಬೇಕಾದದ್ದು. ಆದರೂ ಲಕ್ಕಮ್ಮ ಮೊದಲು ಕೇಳಿದ್ದು ಅದು ಎಲ್ಲಿಗೆ ಹೋಗುತ್ತದೆ ಎಂದಲ್ಲ, ಹೇಗೆ ಬಂತು ಎಂದು. ನಾವಾದರೋ ಆ ತರುಣನಿಗೆ ಇದಕ್ಕೆ ತಿರುಗಾಮುರುಗಾ ಉಪದೇಶ ಮಾಡಿದ್ದೆವು. ಬಂದದ್ದು ಹೇಗಾದರೂ ಬರಲಿ, ಒಂದು ಪಾಲನ್ನು ಇತ್ತ ಸಲ್ಲಿಸು ಎಂದಂತಾಯಿತು.

ಇಲ್ಲಿ ಮಠಗಳ ಮಾತನ್ನೂ ಮುಚ್ಚಿಡದೆ ಹೇಳಬೇಕು. ಐಟಿ ಉದ್ಯೋಗಿಗಳ ಕಾಣಿಕೆಯಿಂದ ಅನೇಕ ಮಠಗಳ ಕಟ್ಟಡಗಳು ಎದ್ದಿವೆ, ನಮ್ಮ ಪ್ರಸಾದ ನಿಲಯದ ಹೊಸ ಅಡುಗೆಮನೆಯೂ ಅಂಥದ್ದೇ. ಜಾತ್ರೆಯ ವೇದಿಕೆಯಲ್ಲಿ ಶಾಲು ಹೊದಿಸಿ, ಇಂಥ ಕಂಪನಿಯಲ್ಲಿ ಇಷ್ಟು ಲಕ್ಷ ಸಂಬಳ ಎಂದು ಧ್ವನಿವರ್ಧಕದಲ್ಲಿ ಸಾರಿದವರೂ ನಾವೇ. ಆ ಕಂಪನಿ ಏನು ಮಾಡುತ್ತದೆ ಎಂದು ಒಬ್ಬರನ್ನೂ ಕೇಳಿದ್ದಿಲ್ಲ.

ಶರಣರ ಕಾಯಕಗಳನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅಂಬಿಗರ ಚೌಡಯ್ಯನವರ ದೋಣಿ ಏರಿದವನು ಆಚೆಯ ದಡ ಸೇರುವುದು ಚೌಡಯ್ಯನವರ ಕಣ್ಣೆದುರಿಗೇ. ಮಾಚಯ್ಯನವರು ಮಡಿ ಮಾಡಿದ ಬಟ್ಟೆಯನ್ನು ಉಡುವವರು ಅದೇ ಕಲ್ಯಾಣದ ಬೀದಿಯವರು. ನುಲಿಯ ಚಂದಯ್ಯನವರ ಹಗ್ಗ ಗಟ್ಟಿಯೋ ಲಡ್ಡೋ ಎಂಬುದು ಮಾರನೆಯ ದಿನವೇ ಗೊತ್ತಾಗುತ್ತದೆ. ಮಾಡುವವನಿಗೂ ಪಡೆಯುವವನಿಗೂ ನಡುವೆ ಮುಖಪರಿಚಯವಿತ್ತು. ಗಣಕಯಂತ್ರದ ಮುಂದೆ ಕುಳಿತವನಿಗೆ ಅದಿಲ್ಲ. ಅವನು ಬರೆದದ್ದು ಹತ್ತು ಲಕ್ಷ ಜನರನ್ನು ತಲುಪಬಹುದು, ಆದರೆ ಒಬ್ಬರ ಮುಖವೂ ಅವನಿಗೆ ಕಾಣದು. ಆ ತರುಣನ ಬೇಗುದಿಯ ಮೂಲ ಇಲ್ಲಿದೆ ಎಂದು ನಮಗೆ ತೋರಿತು. ಅವನ ವಿದ್ಯೆಯಲ್ಲಿ ದೋಷವಿಲ್ಲ, ಆ ವಿದ್ಯೆಯಿಂದ ಉಪಕಾರವಾಗದು ಎಂಬುದೂ ಸುಳ್ಳು.

ನಮ್ಮ ನಾಡಿನ 'ಭೂಮಿ' ಯೋಜನೆಯನ್ನೇ ನೋಡಿ. ಪಹಣಿಗಾಗಿ ರೈತರು ಪಟ್ಟ ಪಾಡನ್ನು ನಮ್ಮ ವಯಸ್ಸಿನವರು ಕಂಡಿದ್ದೇವೆ. ಗ್ರಾಮಲೆಕ್ಕಿಗರು ಸಿಕ್ಕರೆ ಪುಣ್ಯ, ಸಿಕ್ಕರೂ ಕೈ ಬಿಸಿ ಮಾಡದೆ ಕಾಗದ ಕೈಗೆ ಬಾರದು. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗುವಂತೆ ಮಾಡಲಾಯಿತು. ತಂತ್ರಾಂಶ ರಚಿಸಿದವರು ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆಯ ಇಂಜಿನಿಯರುಗಳು. ಆ ಕೌಂಟರಿನ ಒಂದು ಸಣ್ಣ ವ್ಯವಸ್ಥೆ ನಮಗೆ ಬಹಳ ಹಿಡಿಸಿತು. ಸಿಬ್ಬಂದಿಯ ಮುಂದೆ ಒಂದು ಪರದೆ, ಎದುರಿಗೆ ನಿಂತ ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ. ತನ್ನ ಜಮೀನಿನ ವಿಷಯದಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಅವನೂ ಕಾಣಬಹುದು. ಆ ಎರಡನೆಯ ಪರದೆಯ ಆಲೋಚನೆ ಹೊಳೆದದ್ದು ಯಾರಿಗೋ ನಾವು ಅರಿಯೆವು. ಕೌಂಟರಿನ ಹೊರಗೆ ಚೀಟಿ ಹಿಡಿದು ನಿಂತವನ ಮುಖವನ್ನು ಅವರು ನೋಡಿರಲೇಬೇಕು. ಹೋಬಳಿಯಿಂದ ತಾಲ್ಲೂಕು ಕೇಂದ್ರದವರೆಗೆ ಬಸ್ಸು ಹಿಡಿದು ಬರಬೇಕಾದ ತೊಂದರೆ ಆರಂಭದಲ್ಲಿ ಇದ್ದೇ ಇತ್ತು. ಲಂಚ ಬೇರೆ ಬಾಗಿಲುಗಳನ್ನು ಹುಡುಕಿಕೊಂಡಿತು ಎಂಬ ದೂರೂ ಸುಳ್ಳಲ್ಲ. ಆದರೂ ಕಾಗದ ರೈತನ ಕೈಗೆ ಬಂದದ್ದು ನಿಜ.

ಮುಖ ಕಾಣದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ದೇಶದಲ್ಲಿ ನಡೆದದ್ದು ಸಾಕ್ಷಿ. ಅಲ್ಲಿಯ ಸಣ್ಣ ಅಂಚೆ ಕಚೇರಿಗಳಿಗೆ 1999ರಿಂದ 'ಹೊರೈಜನ್' ಎಂಬ ಲೆಕ್ಕದ ತಂತ್ರಾಂಶವನ್ನು ಅಳವಡಿಸಿದರು. ಅದರ ದೋಷದಿಂದ ಪೆಟ್ಟಿಗೆಯಲ್ಲಿ ಹಣ ಕಡಿಮೆ ಇದ್ದಂತೆ ಲೆಕ್ಕ ತೋರುತ್ತಿತ್ತು. ಯಂತ್ರ ಸುಳ್ಳು ಹೇಳದು ಎಂದು ನಂಬಿದ ಅಧಿಕಾರಿಗಳು ಪೋಸ್ಟ್ ಮಾಸ್ಟರುಗಳನ್ನೇ ಕಳ್ಳರೆಂದರು. 2015ರವರೆಗೆ ಒಂಬೈನೂರಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಕೆಲವರು ಸೆರೆಮನೆ ಸೇರಿದರು, ಮನೆ ಮಾರಿ ಇಲ್ಲದ ಕೊರತೆಯನ್ನು ತುಂಬಿಕೊಟ್ಟವರಿದ್ದಾರೆ, ಪ್ರಾಣ ಕಳೆದುಕೊಂಡವರೂ ಇದ್ದಾರೆ. 2019ರ ಡಿಸೆಂಬರಿನಲ್ಲಿ ಅಲ್ಲಿಯ ನ್ಯಾಯಾಲಯ ದೋಷ ತಂತ್ರಾಂಶದ್ದೆಂದು ಎತ್ತಿಹಿಡಿಯಿತು. 2024ರ ಮೇ ತಿಂಗಳಲ್ಲಿ ಪಾರ್ಲಿಮೆಂಟು ಕಾನೂನನ್ನೇ ತಂದು ಆ ಶಿಕ್ಷೆಗಳನ್ನು ರದ್ದುಪಡಿಸಬೇಕಾಯಿತು. ತಂತ್ರಾಂಶ ರಚಿಸಿದ ಸಂಸ್ಥೆಯ ಒಳಗೆ ಇದು ತಪ್ಪು ಮಾಡಬಲ್ಲದೆಂದು ತಿಳಿದವರಿದ್ದರು ಎಂಬುದು 2025ರ ವಿಚಾರಣಾ ವರದಿಯಲ್ಲಿ ಬಂದಿದೆ. ಪಂಚಾಚಾರಗಳಲ್ಲಿ ಗಣಾಚಾರವೆಂಬುದೊಂದುಂಟು. ಅಧರ್ಮವನ್ನು ಕಂಡೂ ಸುಮ್ಮನಿರುವುದು ಆಚಾರಭಂಗ ಎಂದು ಅದರ ತಾತ್ಪರ್ಯ. ಇದನ್ನು ಕತ್ತಿ ಹಿಡಿಯುವ ಮಾತೆಂದು ತಿಳಿಯುವವರೇ ಹೆಚ್ಚು. ಕಚೇರಿಯ ಸಭೆಯಲ್ಲಿ ಎದ್ದು ನಿಂತು, ಈ ಲೆಕ್ಕ ತಪ್ಪಿದೆ, ಇದನ್ನು ನಂಬಿ ಯಾರನ್ನೂ ಶಿಕ್ಷಿಸಬೇಡಿ ಎಂದು ಹೇಳುವುದೂ ಗಣಾಚಾರವೇ.

ಇನ್ನೊಂದು ಉದಾಹರಣೆ ಆಸ್ಟ್ರೇಲಿಯಾದ್ದು. ಅಂಧರು ಕಂಪ್ಯೂಟರ್ ಬಳಸಬೇಕಾದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಬೇಕು. ಅದರ ಬೆಲೆ ಎಷ್ಟೋ ಸಲ ಕಂಪ್ಯೂಟರಿನ ಬೆಲೆಯನ್ನೇ ಮೀರಿಸುತ್ತಿತ್ತು. 2006ರಲ್ಲಿ ಮೈಕೇಲ್ ಕರನ್ ಎಂಬ ಅಂಧ ತರುಣ ಅಂಥದೊಂದನ್ನು ತಾನೇ ಬರೆಯತೊಡಗಿ, ಅಂಧರೇ ಆದ ಜೇಮ್ಸ್ ಟೇ ಎಂಬ ಗೆಳೆಯನೊಡನೆ ಬೆಳೆಸಿ, ಜಗತ್ತಿಗೆಲ್ಲ ಉಚಿತವಾಗಿ ಕೊಟ್ಟ. 'ಎನ್‌ವಿಡಿಎ' ಎಂಬ ಆ ತಂತ್ರಾಂಶ ಇಂದು 50ಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದಗೊಂಡಿದೆ. ಅನುವಾದಿಸಿದವರಲ್ಲಿ ಬಹುಪಾಲು ಜನ ಸ್ವಯಂಸೇವಕರು.

ಸಿದ್ಧಾಂತ ಶಿಖಾಮಣಿಯು ಭಕ್ತಸ್ಥಲದಲ್ಲಿ ದಾನವನ್ನು ಮೂರು ಬಗೆಯಾಗಿ ಹೇಳಿದೆ. ಫಲವನ್ನು ಬಯಸಿ ಕೊಡುವುದು ಸೋಪಾಧಿ ದಾನ. ಫಲದ ಆಸೆಯಿಲ್ಲದೆ ಶಿವಾರ್ಪಣವೆಂದು ಕೊಡುವುದು ನಿರುಪಾಧಿ ದಾನ. ಕೊಡುವವನು, ಪಡೆಯುವವನು, ಕೊಟ್ಟ ವಸ್ತು ಮೂರನ್ನೂ ಶಿವಮಯವೆಂದು ಅರಿತು ಕೊಡುವುದು ಸಹಜ ದಾನ. ಫೋನಿನಲ್ಲಿ ಪುಕ್ಕಟೆ ಸಿಗುವ ಬಹಳಷ್ಟು ವಸ್ತುಗಳು ಮೊದಲನೆಯ ಗುಂಪಿಗೂ ಸೇರಲಾರವು. ಅಲ್ಲಿ ಕೊಡುವುದಕ್ಕಿಂತ ಕಸಿಯುವುದೇ ಹೆಚ್ಚು, ನಮ್ಮ ಹೊತ್ತನ್ನೂ ಗುಟ್ಟನ್ನೂ. ಆ ಇಬ್ಬರು ಅಂಧರ ಕೊಡುಗೆ ಮಾತ್ರ ಮೂರನೆಯದರ ಹತ್ತಿರಕ್ಕೆ ಬಂದದ್ದು ಎಂದು ನಮ್ಮ ಎಣಿಕೆ. ಪಡೆಯುವವನ ಕತ್ತಲೆ ಯಾವುದೆಂದು ಅವರಿಗೆ ಬೇರೆಯವರು ಹೇಳಬೇಕಿರಲಿಲ್ಲ.

ಇದೆಲ್ಲವನ್ನೂ ಪೀಠದ ಮೇಲೆ ಕುಳಿತು ಹೇಳುವುದು ಸುಲಭ ಎಂದು ಓದುಗರು ಭಾವಿಸಿದರೆ ಅದು ಸರಿಯೇ. ವಾರಕ್ಕೆ 70 ಗಂಟೆ ದುಡಿಯಿರಿ ಎಂದು 2023ರಲ್ಲಿ ಒಬ್ಬ ಉದ್ಯಮಿ ಹೇಳಿದರು, 2025ರಲ್ಲಿ ಇನ್ನೊಬ್ಬರು 90 ಗಂಟೆ ಎಂದರು. ಅದೇ ವರ್ಷದ ಜುಲೈನಲ್ಲಿ ದೇಶದ ಅತಿ ದೊಡ್ಡ ಸಾಫ್ಟ್‌ವೇರ್ ಕಂಪನಿ ಸುಮಾರು 12 ಸಾವಿರ ಜನರನ್ನು ಕೈಬಿಡುವುದಾಗಿ ತಿಳಿಸಿತು. ಕೆಲಸ ಉಳಿದರೆ ಸಾಕು ಎಂದು ಮಕ್ಕಳು ಹೆದರಿ ಕುಳಿತಿರುವಾಗ ಗಣಾಚಾರದ ಮಾತು ಭಾರವೆನಿಸೀತು. ಎಷ್ಟು ಗಂಟೆ ಎಂಬ ಚರ್ಚೆ ಪತ್ರಿಕೆಗಳಲ್ಲಿ ಸಾಕಷ್ಟು ನಡೆಯಿತು. ಯಾರಿಗಾಗಿ ಎಂದು ಕೇಳಿದವರು ಕಡಿಮೆ.

ಆ ತರುಣನ ತಂದೆಯ ಮೂಲಕ ಹೇಳಿ ಕಳುಹಿಸಿದೆವು: ನಮ್ಮ ಮೊದಲ ಮಾತು ಸರಿಯಿರಲಿಲ್ಲ, ಕೆಲಸ ಬಿಡುವ ವಿಚಾರ ಆಮೇಲೆ, ಮೊದಲು ನಿನ್ನ ಕೆಲಸ ತಲುಪುವವರ ಮುಖವನ್ನು ನೋಡಿ ಬಾ ಎಂದು. ಶಿವರಾತ್ರಿಗೆ ಎಂಟು ದಿನ ಮುಂಚೆ ಮತ್ತೆ ಬಂದ. ತಮ್ಮೂರಿನ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲಿಯೊಬ್ಬನನ್ನು ಕಂಡಿದ್ದನಂತೆ. ಫೋನಿನಲ್ಲಿ ಮೂರು ಸಾಲ. ಎರಡನೆಯದು ಮೊದಲನೆಯದನ್ನು ತೀರಿಸಲು, ಮೂರನೆಯದು ಎರಡನೆಯದಕ್ಕೆ. "ರಾತ್ರಿ ಹತ್ತು ಗಂಟೆಗೆ, ಮೈಕೈ ನೋವಲ್ಲಿ ಮಲಗಿರುವಾಗ ಮೆಸೇಜು ಬರ್ತದೆ ಸ್ವಾಮಿ ಅಂದ, ಬುದ್ಧೀ. ಆ ಹತ್ತು ಗಂಟೆ ಲೆಕ್ಕ ಹಾಕಿದವನು ನಾನೇ ಇರಬಹುದು" ಎಂದು ತಲೆ ತಗ್ಗಿಸಿದ. ಸಾಲ ವಸೂಲಿಯ ಕಿರುಕುಳ ತಾಳಲಾರದೆ ಜನ ಊರು ಬಿಟ್ಟದ್ದು, ಪ್ರಾಣ ಬಿಟ್ಟದ್ದು ನಮ್ಮ ರಾಜ್ಯದಲ್ಲಿಯೇ ಆಗಿ, 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾದದ್ದು ಎಲ್ಲರಿಗೂ ತಿಳಿದಿದೆ. ಆ ಸುಗ್ರೀವಾಜ್ಞೆ ತಡೆಯಹೊರಟದ್ದು ವಸೂಲಿಯ ಒತ್ತಾಯವನ್ನು. ರಾತ್ರಿ ಹತ್ತು ಗಂಟೆಯ ಆಸೆಯನ್ನು ತಡೆಯಬೇಕಾದವರು ಅದನ್ನು ಲೆಕ್ಕ ಹಾಕುವವರೇ.

ಕಂತು ತಪ್ಪಿಸಿದವರಿಗೆ ಹೊಸ ಸಾಲದ ಸಂದೇಶ ಹೋಗಬಾರದೆಂದು ಮೇಲಧಿಕಾರಿಗೆ ಬರೆದುಕೊಟ್ಟಿದ್ದಾನೆ. ನೋಡೋಣ ಎಂದಿದ್ದಾರಂತೆ. ಇನ್ನೊಂದು ಕಡೆ, ಆಸ್ಪತ್ರೆಗಳ ದಾಖಲೆಗೆ ತಂತ್ರಾಂಶ ಮಾಡುವಲ್ಲಿ ಕೆಲಸ ಸಿಗುವ ಹಾಗಿದೆ, ಸಂಬಳ ಮೂರರಲ್ಲಿ ಒಂದು ಪಾಲು ಕಡಿಮೆ. ತಾಯಿ ಒಪ್ಪಿಲ್ಲ. ನೀವಾದರೂ ಅಮ್ಮನಿಗೆ ಹೇಳಿ ಬುದ್ಧೀ ಎಂದ. ಆ ತಾಯಿಗೆ ಹೇಳಲು ನಮಗೆ ಬಾಯಿ ಬರಲಿಲ್ಲ. ಮನೆಯ ಕಂತು ಕಟ್ಟುವವರು ನಾವಲ್ಲ.

ಅಂದು ಮಧ್ಯಾಹ್ನ ಪ್ರಸಾದಕ್ಕೆ ಕುಳಿತಾಗ ಅವನ ಕಣ್ಣು ನಿಲಯದ ಉಗ್ರಾಣದ ಲೆಕ್ಕದ ಪುಸ್ತಕದ ಮೇಲೆ ಬಿತ್ತು. ಇದಕ್ಕೊಂದು ತಂತ್ರಾಂಶ ಮಾಡಿಕೊಡುತ್ತೇನೆ ಎಂದ. ಬೇಡವೆಂದೆವು. ನಮ್ಮ ಉಗ್ರಾಣದ ಗುರುಬಸಯ್ಯನವರು ಅಕ್ಕಿ ಬೇಳೆಯ ಲೆಕ್ಕವನ್ನು ಮೂವತ್ತು ವರ್ಷ ಪೆನ್ಸಿಲಿನಲ್ಲಿ ಬರೆದವರು, ಒಂದು ಸೇರು ತಪ್ಪಿದ್ದಿಲ್ಲ. ಅವರ ಕಾಯಕವನ್ನು ಕಿತ್ತುಕೊಂಡು ಮಾಡುವ ಸೇವೆ ನಮಗೆ ಬೇಕಿರಲಿಲ್ಲ. ಅದರ ಬದಲು ನಿಲಯದಲ್ಲಿ ಪಿಯುಸಿ ಓದುತ್ತಿರುವ, ಹುಟ್ಟುಕುರುಡನಾದ ಒಬ್ಬ ಹುಡುಗನನ್ನು ಕರೆಸಿ ಅವನ ಪಕ್ಕದಲ್ಲಿ ಕೂರಿಸಿದೆವು. ಕಚೇರಿಯ ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿ, ಕನ್ನಡದ ಧ್ವನಿ ಜೋಡಿಸಿ, ಇಬ್ಬರೂ ಸಂಜೆಯವರೆಗೆ ಕುಳಿತರು. ಒತ್ತಕ್ಷರಗಳ ಕೆಲವು ಪದಗಳನ್ನು ಯಂತ್ರ ಎಡವಿ ಹೇಳುತ್ತದೆ ಎಂದು ಹುಡುಗ ನಕ್ಕ. ತಪ್ಪಿದಲ್ಲೆಲ್ಲ ಗುರುತು ಹಾಕಿಸುತ್ತಾ ಹೋದ. ಆ ಧ್ವನಿಯನ್ನು ರಚಿಸಿದವರೂ ಸ್ವಯಂಸೇವಕರೇ, ತಿದ್ದುಪಡಿ ಯಾರು ಬೇಕಾದರೂ ಕಳುಹಿಸಬಹುದಂತೆ. ಈಗ ಭಾನುವಾರಗಳಲ್ಲಿ ಬೆಂಗಳೂರಿನಿಂದ ಫೋನ್ ಬರುತ್ತದೆ. ಹುಡುಗ ಪದಗಳನ್ನು ಒಂದೊಂದಾಗಿ ಹೇಳುತ್ತಾನೆ, ಆಚೆ ಕಡೆಯಿಂದ ತರುಣ ಬರೆದುಕೊಳ್ಳುತ್ತಾನೆ. ಹೊಸ ಕೆಲಸಕ್ಕೆ ಸೇರುವ ವಿಚಾರ ಇನ್ನೂ ತೀರ್ಮಾನವಾಗಿಲ್ಲ.