ದುಡಿದವಳು ಅವಳು, ಲೆಕ್ಕ ಕೇಳುವವರು ಯಾರು?



ಹೆಣ್ಣು ಓದಲಿ, ದುಡಿಯಲಿ, ಕೈಯಲ್ಲಿ ನಾಲ್ಕು ಕಾಸು ಇರಲಿ, ಆಗ ಅವಳ ಮೇಲೆ ಯಾರೂ ಕೈ ಮಾಡುವುದಿಲ್ಲ ಎಂಬ ಮಾತನ್ನು ಭಾಷಣಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ಹಾಗಾದರೆ ಪ್ರತ್ಯೂಷಾ ಬ್ಯಾನರ್ಜಿ ಏಕೆ ಸತ್ತಳು?

ಜಮ್‌ಷೆಡ್‌ಪುರದ ಈ ಹುಡುಗಿ 2010ರಲ್ಲಿ, 20 ತುಂಬುವ ಮೊದಲೇ, ಹಿಂದಿಯ 'ಬಾಲಿಕಾ ವಧು' ಧಾರಾವಾಹಿಯಲ್ಲಿ ಬೆಳೆದ ಆನಂದಿಯಾಗಿ ಬಂದಳು. ಬಾಲ್ಯವಿವಾಹಕ್ಕೆ ಬಲಿಯಾದವಳು ತನ್ನ ಕಾಲ ಮೇಲೆ ನಿಂತು ಊರಿನ ಸರಪಂಚಳಾಗುವ ಪಾತ್ರವದು. 2013ರಲ್ಲಿ ಆ ಪಾತ್ರ ಬಿಟ್ಟಳು. ಅದೇ ವರ್ಷ ಹಿಂದಿಯ 'ಬಿಗ್ ಬಾಸ್'ಗೆ ಹೋದಳು, ಆಮೇಲೆ 'ಸಸುರಾಲ್ ಸಿಮರ್ ಕಾ'ದಲ್ಲಿ ನಟಿಸಿದಳು. 2016ರ ಏಪ್ರಿಲ್ 1ರಂದು ಮುಂಬಯಿಯಲ್ಲಿ ಆತ್ಮಹತ್ಯೆ ಮಾಡಿಕೊಂಡಾಗ ಅವಳಿಗೆ 24 ವರ್ಷ.

ಆಗ ಎದ್ದ ಮಾತುಗಳೇನು? ಪ್ರೇಮವೈಫಲ್ಯ, ದುರ್ಬಲ ಮನಸ್ಸು, ಮದುವೆಯಿಲ್ಲದೆ ಒಟ್ಟಿಗಿದ್ದರೆ ಇನ್ನೇನಾಗುತ್ತದೆ! ಸತ್ತವಳ ನಡತೆಯ ವಿಚಾರಣೆ ಮೊದಲು, ಸಾವಿನ ವಿಚಾರಣೆ ಆಮೇಲೆ. ಸೀಮೆಎಣ್ಣೆಯ 'ಸ್ಟವ್ ಸಿಡಿದು' ಸತ್ತ ನಮ್ಮ ಸೊಸೆಯರ ವಿಷಯದಲ್ಲೂ ಹೀಗೇ ಅಲ್ಲವೆ ಆದದ್ದು?

ತಾಯಿಯ ದೂರಿನ ಮೇಲೆ ಅವಳ ಸಂಗಾತಿಯ ವಿರುದ್ಧ ಆತ್ಮಹತ್ಯೆಗೆ ಪ್ರಚೋದನೆಯ ಮೊಕದ್ದಮೆ ದಾಖಲಾಯಿತು. ಅವನು ಆರೋಪ ಅಲ್ಲಗಳೆದ. ತನ್ನನ್ನು ಮೊಕದ್ದಮೆಯಿಂದ ಕೈಬಿಡಬೇಕೆಂಬ ಅವನ ಅರ್ಜಿಯನ್ನು ಮುಂಬಯಿಯ ಸೆಷನ್ಸ್ ನ್ಯಾಯಾಲಯ ತಳ್ಳಿಹಾಕಿದ್ದು 2023ರಲ್ಲಿ. ದೈಹಿಕ, ಮಾನಸಿಕ, ಆರ್ಥಿಕ ಶೋಷಣೆ ಮೇಲ್ನೋಟಕ್ಕೆ ಕಾಣುತ್ತದೆಂದು ಅದು ಹೇಳಿತು. ಇದು ತೀರ್ಪಲ್ಲ, ವಿಚಾರಣೆ ನಡೆಸಲು ಆಧಾರವಿದೆ ಎಂಬ ಮಾತು ಅಷ್ಟೆ. ಅಷ್ಟಕ್ಕೇ ಏಳು ವರ್ಷ!

'ಆರ್ಥಿಕ' ಎಂಬ ಪದವನ್ನು ಗಮನಿಸಿ. ದುಡಿಯುವುದು ಬೇರೆ, ದುಡಿದದ್ದರ ಮೇಲೆ ಹಕ್ಕು ಇರುವುದು ಬೇರೆ. ನಮ್ಮ ಸಂಘಗಳನ್ನೇ ನೋಡೋಣ. ಸಾಲ ಅವಳ ಹೆಸರಿಗೆ, ನೋಟು ಎಣಿಸುವುದು ಅವನು. ವಾರದ ಕಂತು ಕಟ್ಟಲು ಕೂಲಿಗೆ ಹೋಗುವವಳು ಅವಳು. ಕಂತು ತಪ್ಪಿದರೆ ಮನೆಯಲ್ಲಿ ಏಟು, ಸಭೆಯಲ್ಲಿ ಅವಮಾನ. ಮದುವೆಯ ದಿನ ಕೊಟ್ಟದ್ದು ಮಾತ್ರ ವರದಕ್ಷಿಣೆಯೆಂದು ತಿಳಿದರೆ, ಪ್ರತಿ ತಿಂಗಳು ಕಿತ್ತುಕೊಳ್ಳುವುದಕ್ಕೆ ಏನೆನ್ನೋಣ?

ಇದಕ್ಕೆ ಕಾನೂನಿನಲ್ಲಿ ಹೆಸರಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಹೊಡೆತ, ಬೈಗುಳದ ಜೊತೆ ಆರ್ಥಿಕ ದೌರ್ಜನ್ಯವನ್ನೂ ಸೇರಿಸಿದೆ. ಮದುವೆಯಾಗದೆ ಮದುವೆಯಂತೆ ಬಾಳುತ್ತಿರುವವಳಿಗೂ ಅದರ ರಕ್ಷಣೆಯಿದೆ. ನಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ. ಮಹಿಳೆಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗಬೇಕು. ಮಹಿಳಾ ಸಹಾಯವಾಣಿ 181. ಬದುಕು ಸಾಕೆನಿಸಿದ ಗಳಿಗೆಯಲ್ಲಿ ಮಾತಾಡಲು 14416.

ಆದರೆ ಕಾಯಿದೆ ತಾನಾಗಿ ನಡೆದು ಮನೆಗೆ ಬರುವುದಿಲ್ಲ. ಮುಂದಿನ ಸಭೆಯಲ್ಲಿ 'ಕಂತು ತಂದೆಯಾ?' ಎಂದು ಕೇಳುವ ಮೊದಲು 'ಸಾಲದ ಹಣ ಯಾರ ಕೈಲಿದೆ? ಮನೆಯಲ್ಲಿ ಹೇಗಿದ್ದೀಯ?' ಎಂದು ಕೇಳೋಣ. ಎರಡು ವಾರ ಬಾರದವಳ ಮನೆಗೆ ಇಬ್ಬರು ಹೋಗಿ ಬರೋಣ. ಸತ್ತ ಮೇಲೆ ಮೇಣದಬತ್ತಿ ಹಚ್ಚುವುದಕ್ಕಿಂತ ಬದುಕಿರುವಾಗ ಬಾಗಿಲು ತಟ್ಟುವುದೇ ಮೇಲು.