ಎಷ್ಟು ಎತ್ತರ ಹಾರಿದರೂ ಸುಳ್ಳು ಸುಳ್ಳೇ

ಯು-2 ಬೇಹುಗಾರಿಕೆ ವಿಮಾನ ಎಂದರೆ ನಮ್ಮಲ್ಲಿ ಹಲವರಿಗೆ ಅದು ಹಾರುವ 70,000 ಅಡಿ ಎತ್ತರವೇ ಸೋಜಿಗ. ನನಗಾದರೋ ಅದು ಬಯಲಿಗೆ ತಂದ ಸುಳ್ಳುಗಳೇ ಮುಖ್ಯವೆನಿಸುತ್ತವೆ.

1960ರ ಮೇ 1ರಂದು ಪಾಕಿಸ್ತಾನದ ಪೇಶಾವರದಿಂದ ಹೊರಟ ಅಮೆರಿಕದ ಯು-2 ವಿಮಾನವನ್ನು ಸೋವಿಯತ್ ಒಕ್ಕೂಟ ಕ್ಷಿಪಣಿಯಿಂದ ಹೊಡೆದುರುಳಿಸಿತು. ಪೈಲಟ್ ಬದುಕಿರಲಾರ ಎಂದು ನಂಬಿದ ಅಮೆರಿಕ, ಅದು ಹವಾಮಾನ ಸಂಶೋಧನೆಯ ವಿಮಾನ ಎಂದಿತು. ಆದರೆ ಪೈಲಟ್ ಗ್ಯಾರಿ ಪವರ್ಸ್ ಜೀವಂತವಾಗಿ ಸೆರೆ ಸಿಕ್ಕಿದ್ದರು. ಮೇ 7ರಂದು ಕ್ರುಶ್ಚೇವ್ ಅದನ್ನು ಜಗತ್ತಿಗೇ ಸಾರಿದರು. ಅದೇ ತಿಂಗಳು ಪ್ಯಾರಿಸ್‌ನಲ್ಲಿ ಸೇರಿದ ಶೃಂಗಸಭೆ ಮುರಿದುಬಿತ್ತು.

1962ರ ಅಕ್ಟೋಬರ್‌ನಲ್ಲಿ ಪಾತ್ರ ಅದಲುಬದಲಾಯಿತು. ಕ್ಯೂಬಾದಲ್ಲಿ ದಾಳಿಯ ಕ್ಷಿಪಣಿಗಳಿಲ್ಲ ಎನ್ನುತ್ತಿದ್ದ ಸೋವಿಯತ್ ನಾಯಕರ ಮಾತು ಸುಳ್ಳೆಂದು ಯು-2 ತೆಗೆದ ಚಿತ್ರಗಳೇ ತೋರಿಸಿದವು. ಜಗತ್ತು ಅಣುಯುದ್ಧದ ಅಂಚಿಗೆ ಬಂದು ನಿಂತಿತು.

ಗೆಳೆಯರೇ, ಶೀತಲ ಸಮರದ ಪಾಠ ಓದುವಾಗ ನಾವು ಯಾವುದೋ ಒಂದು ಬಣದ ಪರ ವಾದಿಸಿಬಿಡುತ್ತೇವೆ. ಸುಳ್ಳು ಹೇಳುವುದರಲ್ಲಿ ಎರಡೂ ಬಣಗಳು ಹಿಂದೆ ಬೀಳಲಿಲ್ಲ. ವಿಮಾನ ಕಟ್ಟಿದವರ ಜಾಣ್ಮೆಯನ್ನು ಮೆಚ್ಚೋಣ. ಆದರೆ ಅದನ್ನು ಹಾರಿಸುವ ಸರ್ಕಾರ ಯಾವುದೇ ಇರಲಿ, ಅದರ ಮಾತಿಗೆ ಪುರಾವೆ ಕೇಳುವುದನ್ನೂ ಕಲಿಯೋಣ.