ಗೆಳತಿಯ ಜತೆ ಎರಡು ದಿನ ಮೈಸೂರು



ಕಳೆದ ಸಂಚಿಕೆಯಲ್ಲಿ ಹಲಸಿನ ಹಪ್ಪಳದ ಬಗ್ಗೆ ಬರೆದಿದ್ದೆನಲ್ಲ, ಅದಕ್ಕೆ ಬಂದ ಪತ್ರಗಳ ನಡುವೆ ಒಂದರಲ್ಲಿ ಮಾತ್ರ ಹಪ್ಪಳದ ಸುದ್ದಿಯೇ ಇರಲಿಲ್ಲ. ಕಡಬ ಕಡೆಯ ಒಬ್ಬ ಸೋದರಿ ಬರೆದಿದ್ದಾರೆ: "ನನಗೂ ನನ್ನ ಗೆಳತಿಗೂ ಎರಡು ದಿನ ಯಾವುದಾದರೂ ಪೇಟೆಗೆ ಹೋಗಿಬರಬೇಕೆಂದು ಆಸೆ. ಮದುವೆ, ಮುಂಜಿ, ಆಸ್ಪತ್ರೆ ಬಿಟ್ಟರೆ ನಾನು ಮನೆ ಬಿಟ್ಟು ಹೊರಟವಳಲ್ಲ. ಕೈಯಲ್ಲಿ ಹೆಚ್ಚು ಹಣವೂ ಇಲ್ಲ. ಎಷ್ಟು ಬೇಕಾದೀತು, ಹೇಗೆ ಹೊರಡುವುದು, ತಿಳಿಸುವಿರಾ?"

ಎಷ್ಟು ಬೇಕಾದೀತು ಎಂಬುದಕ್ಕೆ ಉತ್ತರ ಸುಲಭ. ತಲೆಗೆ ಸಾವಿರದೈನೂರು ರೂಪಾಯಿ ಇದ್ದರೆ ಇಬ್ಬರು ಮೈಸೂರಿಗೆ ಹೋಗಿ, ಒಂದು ರಾತ್ರಿ ಉಳಿದು, ಹೊಟ್ಟೆ ತುಂಬ ಊಟ ಮಾಡಿ ಬರಬಹುದು. ನಾವು 2024ರ ಜನವರಿಯಲ್ಲಿ ಹಾಗೆಯೇ ಹೋಗಿ ಬಂದೆವು. ಆ ದುಡ್ಡನ್ನು ಇಬ್ಬರು ಹೇಗೆ ಖರ್ಚು ಮಾಡುವುದು ಎನ್ನುವುದರಲ್ಲಿ ಮಾತ್ರ ನಾನು ಒಂದು ತಪ್ಪು ಮಾಡಿದೆ. ಅದನ್ನೇ ಹೇಳುತ್ತೇನೆ, ನಿಮಗೆ ಆ ತಪ್ಪು ಆಗುವುದು ಬೇಡ.

ನನ್ನ ಮನೆ ಬೆಳ್ಳಾರೆಯಿಂದ ಒಳಗೆ. ನನ್ನ ಗೆಳತಿ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವಳು. ಹೆಸರು ಬರೆಯುವುದಿಲ್ಲ, ಬರೆದರೆ ಜಗಳಕ್ಕೆ ಬಂದಾಳು. ಅವಳನ್ನು ಕೊಟ್ಟದ್ದು ಜಾಲ್ಸೂರು ದಾಟಿ ಆದೂರು ಕಡೆಗೆ. ಮಾತು ಕನ್ನಡ, ತುಳು ಎಲ್ಲ ನಮ್ಮದೇ. ರಾಜ್ಯ ಮಾತ್ರ ಕೇರಳ. ಈ ಒಂದು ಸಂಗತಿ ನಮ್ಮ ಬಜೆಟ್ಟಿಗೆ ಎಷ್ಟು ತೊಡಕಾಯಿತು ಎನ್ನುವುದು ಮುಂದೆ ಬರುತ್ತದೆ.

ಮನೆಯಲ್ಲಿ ವಿಷಯ ತೆಗೆದಾಗ ನಮ್ಮ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಮೈಸೂರಲ್ಲಿ ಯಾರಿದ್ದಾರೆ?" ಯಾರೂ ಇಲ್ಲ ಅತ್ತೆ ಎಂದೆ. "ಯಾರೂ ಇಲ್ಲದ ಊರಿಗೆ ಎಂತಕ್ಕೆ?" ಇದಕ್ಕೆ ನಾನು ಉತ್ತರ ಕೊಡಲು ಹೋಗಲಿಲ್ಲ. ನೆಂಟರಿರುವ ಊರಿಗೆ ಹೋದರೆ ಅಲ್ಲಿಯೂ ಅಡುಗೆಮನೆಗೇ ಹೋಗಿ ನಿಲ್ಲಬೇಕಷ್ಟೆ. ಹದಿನೈದು ದಿನ ಮೊದಲೇ ತಾರೀಕು ಹೇಳಿಟ್ಟೆ. ಹೊರಡುವ ಹಿಂದಿನ ದಿನ ದೋಸೆ ಹಿಟ್ಟು, ಸಾಂಬಾರಿನ ಮಸಾಲೆ ಎಲ್ಲ ತಯಾರು ಮಾಡಿಟ್ಟೆ. ಮನೆಯವರಿಗೆ ದನಕ್ಕೆ ಹಿಂಡಿ ಎಷ್ಟು ಹಾಕಬೇಕು ಎಂದು ತೋರಿಸಿಕೊಟ್ಟೆ. ಇಪ್ಪತ್ತು ವರ್ಷದಿಂದ ಆ ಹಟ್ಟಿಯೊಳಗೆ ಹೋಗಿ ಬರುವವರು, ಬಕೆಟು ಯಾವುದು ಎಂದು ಕೇಳಿದರು!

ಶನಿವಾರ–ಭಾನುವಾರ ಹೋಗಬೇಕೆಂದು ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಭಾನುವಾರ ಹೊರಟು ಸೋಮವಾರ ಬನ್ನಿ. ಭಾನುವಾರ ಮನೆಯಲ್ಲಿ ಎಲ್ಲರೂ ಇರುತ್ತಾರೆ, ಮಕ್ಕಳಿಗೆ ಡಬ್ಬಿ ಕಟ್ಟುವ ಗಡಿಬಿಡಿ ಇಲ್ಲ. ಲಾಡ್ಜುಗಳಲ್ಲಿ ಶನಿವಾರ ರಾತ್ರಿಯಷ್ಟು ಗೌಜಿ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೈಸೂರು ಅರಮನೆಗೆ ಪೂರ್ತಿ ದೀಪ ಹಾಕುವುದು ಭಾನುವಾರ ಮತ್ತು ಸರಕಾರಿ ರಜಾದಿನಗಳ ಸಂಜೆ ಏಳು ಗಂಟೆಗೆ. ಸುಮಾರು ಒಂದು ಲಕ್ಷ ಬಲ್ಬುಗಳಂತೆ. ನೋಡಲು ಟಿಕೆಟ್ ಬೇಡ. ದಸರಾ ಹೊತ್ತಿನಲ್ಲಿ ಮಾತ್ರ ಹೋಗಬೇಡಿ, ರೂಮಿನ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ.

ಪುತ್ತೂರು, ಸುಳ್ಯ ದಾರಿಯಾಗಿ ಮಡಿಕೇರಿ, ಕುಶಾಲನಗರ, ಹುಣಸೂರು ಮೇಲೆ ಮೈಸೂರಿಗೆ ಸರಕಾರಿ ಬಸ್ಸುಗಳುಂಟು. ಕಡಬದವರು ಮೊದಲ ಬಸ್ ಹಿಡಿದು ಪುತ್ತೂರಿಗೋ ಸುಳ್ಯಕ್ಕೋ ಬರಬೇಕು. ಸುಳ್ಯದಿಂದ ಐದು ಗಂಟೆ ಹಿಡಿಯಿರಿ. ಸಂಪಾಜೆ ದಾಟಿದ ಮೇಲೆ ಘಾಟಿಯ ತಿರುವು. ಹೊಟ್ಟೆ ತೊಳೆಸುವವರು ಮಡಿಕೇರಿ ಮುಟ್ಟುವವರೆಗೆ ಏನೂ ತಿನ್ನದೆ ಒಂದು ತುಂಡು ಶುಂಠಿ ಬಾಯಿಯಲ್ಲಿಟ್ಟುಕೊಂಡರೆ ಒಳ್ಳೆಯದು. ಜೋರು ಮಳೆಗಾಲದಲ್ಲಿ ಈ ದಾರಿ ಬೇಡವೇ ಬೇಡ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಬದಿಯಲ್ಲಿ ಗುಡ್ಡ ಜರಿದು ರಸ್ತೆಯೇ ಕಡಿದುಹೋದದ್ದು ನಮ್ಮವರಿಗೆ ಮರೆತಿಲ್ಲವಲ್ಲ.

ಇನ್ನು ಟಿಕೆಟಿನ ವಿಷಯ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಂಗಸರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರಕಾರಿ ಬಸ್ಸುಗಳಲ್ಲಿ ರಾಜ್ಯದೊಳಗೆ ಪ್ರಯಾಣ ಉಚಿತ. ರಾಜಹಂಸ, ಐರಾವತದಂಥ ಬಸ್ಸಿಗೆ ಇದು ನಡೆಯುವುದಿಲ್ಲ. ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಲೇಬೇಕು. ಈ ಯೋಜನೆ ಬಂದ ಮೇಲೆಯೇ ನನಗೆ ಮೈಸೂರಿನ ಧೈರ್ಯ ಬಂದದ್ದು ಎಂದರೆ ಸುಳ್ಳಲ್ಲ. ಹಪ್ಪಳ ಮಾರಿದ ದುಡ್ಡಿತ್ತು, ಬಸ್ ಖರ್ಚು ಇಲ್ಲ. ಮತ್ತೆಂತ ಬೇಕು? "ನೀನು ಎರಡು ಜತೆ ಬಟ್ಟೆ ಹಿಡ್ಕೊಂಡು ಸುಳ್ಯ ಬಸ್‌ಸ್ಟ್ಯಾಂಡಿಗೆ ಬಾ ಮಾರಾಯ್ತಿ" ಎಂದು ಗೆಳತಿಗೆ ಫೋನು ಮಾಡಿದೆ. ಅವರವರ ಖರ್ಚು ಅವರವರು ನೋಡಿಕೊಳ್ಳುವುದು ಎಂದು ಮಾತಾಯಿತು. ಇದೇ ನನ್ನ ತಪ್ಪು.

ಬಸ್ಸಿನಲ್ಲಿ ಕಂಡಕ್ಟರು ನನ್ನ ಆಧಾರ್ ಕಾರ್ಡು ನೋಡಿ ಶೂನ್ಯ ಟಿಕೆಟ್ ಹರಿದುಕೊಟ್ಟರು. ಅವಳ ಕಾರ್ಡು ನೋಡಿ, "ಅಮ್ಮಾ, ಇದು ಕೇರಳದ್ದು, ನಡೆಯುವುದಿಲ್ಲ" ಎಂದರು. ಅವರದು ತಪ್ಪಿಲ್ಲ, ನಿಯಮ. ಅವಳು ಪರ್ಸು ತೆಗೆದು ಇನ್ನೂರರ ಮೇಲೆ ಎಣಿಸಿ ಕೊಟ್ಟಳು. ಹಿಂದೆ ಬರುವಾಗ ಇನ್ನೊಮ್ಮೆ ಅಷ್ಟೇ. ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಅವಳು ಬೀಡಿ ಕಟ್ಟಿ ಮನೆ ನಡೆಸುವವಳು. ಆ ಸಾವಿರದೈನೂರು ಕೂಡಿಸಲು ಎಷ್ಟು ರಾತ್ರಿ ಸೂಪು ಮಡಿಲಲ್ಲಿಟ್ಟು ಕೂತಿದ್ದಳೋ.

ರೂಮಿನ ವಿಷಯ ಚುಟುಕಾಗಿ ಹೇಳುತ್ತೇನೆ. ಮೊದಲು ಹೋದ ಒಂದು ಲಾಡ್ಜಿನಲ್ಲಿ "ಜತೆಯಲ್ಲಿ ಗಂಡಸರು ಯಾರೂ ಇಲ್ವಾ?" ಎಂದು ಕೇಳಿದರು. ಚೀಲ ಎತ್ತಿಕೊಂಡು ಹೊರಟೆವು. ನೀವೂ ಹಾಗೇ ಮಾಡಿ, ವಾದಕ್ಕೆ ನಿಲ್ಲಬೇಡಿ. ಬಸ್‌ಸ್ಟ್ಯಾಂಡಿನಿಂದ ನಡೆದುಹೋಗುವಷ್ಟು ಹತ್ತಿರ, ಎರಡನೆಯದರಲ್ಲಿ 900 ರೂಪಾಯಿಗೆ ಶುಚಿಯಾದ ರೂಮು ಸಿಕ್ಕಿತು. ಹಣ ಕೊಡುವ ಮೊದಲು ಚಿಲಕ ಹಾಕಿ ನೋಡಿ. ಬಿಸಿನೀರು ಎಷ್ಟು ಗಂಟೆಗೆ, ರೂಮು ಎಷ್ಟು ಹೊತ್ತಿಗೆ ಬಿಡಬೇಕು ಎಂದು ಕೇಳಿ. ಕೆಲವು ಕಡೆ ಇಪ್ಪತ್ತನಾಲ್ಕು ಗಂಟೆ ಕೊಡುತ್ತಾರೆ, ಕೆಲವು ಕಡೆ ಯಾವಾಗ ಬಂದರೂ ಮಧ್ಯಾಹ್ನಕ್ಕೇ ಖಾಲಿ ಮಾಡಬೇಕು.

ಮಧ್ಯಾಹ್ನದ ಊಟ ಮನೆಯದೇ, ಚಪಾತಿ ಮತ್ತು ಚಟ್ನಿಪುಡಿ. ದೂರ ಪ್ರಯಾಣಕ್ಕೆ ಹಸಿ ಕಾಯಿಚಟ್ನಿ ಬೇಡ, ಮಡಿಕೇರಿ ಮುಟ್ಟುವಾಗ ಹಳಸಿರುತ್ತದೆ. ಒಂದು ಕಪ್ ಉದ್ದಿನಬೇಳೆ, ಅರ್ಧ ಕಪ್ ಕಡಲೆಬೇಳೆ ಬೇರೆ ಬೇರೆಯಾಗಿ ಕೆಂಪಗೆ ಹುರಿದು, ಹತ್ತು ಬ್ಯಾಡಗಿ ಮೆಣಸು, ಒಂದು ಹಿಡಿ ಕರಿಬೇವು ಗರಿಗರಿ ಮಾಡಿಕೊಳ್ಳಿ. ಅರ್ಧ ಕಪ್ ಒಣಕೊಬ್ಬರಿ ತುರಿ ಬೆಚ್ಚಗೆ ಮಾಡಿ. ಹುಣಸೆ, ಉಪ್ಪು, ಒಂದು ಸಣ್ಣ ತುಂಡು ಬೆಲ್ಲ ಸೇರಿಸಿ ತರಿತರಿಯಾಗಿ ಪುಡಿಮಾಡಿ. ಚಪಾತಿಗೆ ಎಣ್ಣೆಯೊಡನೆ ಸವರಿ ಸುರುಳಿ ಸುತ್ತಿಬಿಟ್ಟರೆ ಬಸ್ಸಿನಲ್ಲೂ ಕೈಗೆ ಹತ್ತದ ಹಾಗೆ ತಿನ್ನಬಹುದು.

ಊಟ ಮಾಡಿ ಅರಮನೆಗೆ ಹೋದೆವು. ಟಿಕೆಟಿನ ಸಾಲು ಕಂಡದ್ದೇ ಅವಳು ನಿಂತಳು. "ನೀನು ಹೋಗಿ ಬಾ ಮಾರಾಯ್ತಿ, ನನಗೆ ಕಾಲುನೋವು. ಇಲ್ಲೇ ಮರದಡಿ ಕೂತಿರ್ತೇನೆ. ಹೇಗೂ ಸಂಜೆ ದೀಪ ನೋಡ್ತೇವಲ್ಲ."

ಸೋದರಿಯರೇ, ಆ ದನಿಯನ್ನು ನಾನು ಹಿಂದೊಮ್ಮೆ ಕೇಳಿದ್ದೆ. 1995ರಲ್ಲಿ, ನಾವು ಹತ್ತನೇ ತರಗತಿಯಲ್ಲಿದ್ದಾಗ, ಶಾಲೆಯಿಂದ ಮೈಸೂರಿಗೆ ಟೂರ್ ಹೊರಟಿತ್ತು. ತಲೆಗೆ ಇನ್ನೂರು ರೂಪಾಯಿ. ಹಿಂದಿನ ದಿನ ಅವಳು "ನನಗೆ ಜ್ವರ ಬರುವ ಹಾಗುಂಟು, ನಾನು ಬರುವುದಿಲ್ಲ" ಎಂದಿದ್ದಳು. ನಾವು ತಿರುಗಿ ಬಂದ ದಿನ ಅವಳು ಶಾಲೆಯಲ್ಲೇ ಇದ್ದಳು. ಜ್ವರ ಬಂದು ಎದ್ದವಳ ಹಾಗೆ ಕಾಣಲಿಲ್ಲ. ನನಗೋ ಬುದ್ಧಿ ಇಲ್ಲ, ಒಂದು ವಾರ ಅವಳಿಗೆ ಅರಮನೆ ಹೀಗಿತ್ತು, ಹಾಗಿತ್ತು ಎಂದು ವರ್ಣಿಸಿದ್ದೇ ವರ್ಣಿಸಿದ್ದು.

ನಾನು ಎರಡು ಟಿಕೆಟ್ ತೆಗೆದು ಅವಳ ಕೈ ಹಿಡಿದು ಎಳೆದರೆ ಬರುತ್ತಿದ್ದಳೋ ಏನೋ. ಆದರೆ ಆಮೇಲೆ ಎರಡು ದಿನವೂ ಅವಳ ಮುಖ ಸಣ್ಣದಾಗುತ್ತಿತ್ತು. ಹಾಗಾಗಿ ನಾನೂ ಅವಳ ಜತೆ ಮರದಡಿ ಕೂತೆ. ಚೀಟಿ, ಪೆನ್ನು ತೆಗೆದೆ. "ನಮ್ಮ ಲೆಕ್ಕ ಸರಿ ಇಲ್ಲ ಮಾರಾಯ್ತಿ. ಇಬ್ಬರು ಮೈಸೂರಿಗೆ ಬಂದು ಹೋಗುವ ಬಸ್ ಖರ್ಚು ಒಟ್ಟು ಎಷ್ಟು? ನಿನ್ನ ಎರಡು ಟಿಕೆಟ್. ಅದನ್ನು ಇಬ್ಬರಿಗೆ ಭಾಗ ಮಾಡಬೇಕು" ಎಂದೆ.

"ನಿನಗೆ ಸರಕಾರ ಕೊಟ್ಟದ್ದು ನನಗೆ ಯಾಕೆ?"

"ಸರಕಾರ ನನ್ನೊಬ್ಬಳಿಗೇ ಕೊಟ್ಟಿರಬಹುದು. ಆದರೆ ನೀನು ಬಾರದಿದ್ದರೆ ನಾನು ಬರುತ್ತಿದ್ದೆನಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವಳೇ ಚೀಟಿ ಎಳೆದುಕೊಂಡು ಕೂಡಿಸಿದಳು; ಶಾಲೆಯಲ್ಲೂ ಲೆಕ್ಕ ಅವಳದೇ ಚುರುಕು. ಇಬ್ಬರೂ ಸಾವಿರದೈನೂರರಂತೆ ಹಾಕಿದ ಹಾಗೆ ಲೆಕ್ಕ ಹಿಡಿದು, ಅವಳ ಬಸ್ಸು, ರೂಮು, ಊಟ, ಅರಮನೆ ಟಿಕೆಟ್ ಎಲ್ಲವೂ ಒಂದೇ ಪರ್ಸಿನಿಂದ. ಮಗಳಿಗೆ ತರುತ್ತೇನೆ ಎಂದು ಅವಳು ಬೇರೆ ಇಟ್ಟ ನಾನೂರು ರೂಪಾಯಿ ಇದರಲ್ಲಿ ಸೇರುವುದಿಲ್ಲ. ನಾನು ಜಾಸ್ತಿ ತಂದ ಸಾವಿರವೂ ಸೇರುವುದಿಲ್ಲ. ಅದು ಆಪತ್ತಿಗೆ ಮಾತ್ರ. ಪರ್ಸು ಯಾರ ಕೈಯಲ್ಲಿ? ಅವಳ ಕೈಯಲ್ಲೇ. ಇದು ಮುಖ್ಯ. ಕಡಬದ ಸೋದರಿಯವರೇ, ನೀವಿಬ್ಬರಲ್ಲಿ ಯಾರಿಗೆ ಕೈ ಬಿಗಿ ಉಂಟೋ ಅವರ ಕೈಯಲ್ಲೇ ಪರ್ಸು ಇರಲಿ. ಪ್ರತಿ ಸಲ ಇನ್ನೊಬ್ಬಳು ದುಡ್ಡು ತೆಗೆಯುವುದನ್ನು ನೋಡುತ್ತಾ ನಿಲ್ಲುವುದು ಅವರಿಗೆ ತಪ್ಪುತ್ತದೆ. ಈ ಮಾತುಕತೆ ಹೊರಡುವ ಮೊದಲೇ ಮನೆಯಲ್ಲಿ ಕೂತು ಮಾಡಿದರೆ ಅರಮನೆಯ ಬಾಗಿಲಲ್ಲಿ ಮಾಡಬೇಕಾಗಿ ಬರುವುದಿಲ್ಲ.

ಟಿಕೆಟ್ ಅವಳೇ ತೆಗೆದಳು. ಹಳೆಯ ಮರದ ಅರಮನೆ 1897ರಲ್ಲಿ ಮದುವೆಯ ಹೊತ್ತಿನಲ್ಲಿ ಸುಟ್ಟುಹೋಗಿ, ಈಗಿನದು 1912ಕ್ಕೆ ಮುಗಿದದ್ದು. ಕಾಲುನೋವಿನವಳು ಒಳಗೆ ಹೋದ ಮೇಲೆ ನನಗಿಂತ ಮುಂದೆ ಮುಂದೆ. ಕಲ್ಯಾಣ ಮಂಟಪದಲ್ಲಿ ಮಾತ್ರ ನಿಂತುಬಿಟ್ಟಳು. ಮೇಲೆ ಗ್ಲಾಸ್ಗೋದಲ್ಲಿ ಮಾಡಿಸಿ ತಂದ ಬಣ್ಣದ ಗಾಜು, ಅದರಲ್ಲಿ ನವಿಲುಗಳು. ಬಹಳ ಹೊತ್ತು ಕತ್ತೆತ್ತಿ ನೋಡಿ, ಮೆಲ್ಲಗೆ ಕೇಳಿದಳು: "ನೀನು ಆಗ ಹೇಳಿದ ನವಿಲು ಇದುವೇಯಾ?"

ಹೌದು ಎಂದೆ. ಬೇರೆ ಎಂತದೂ ಹೇಳಲು ಬಾಯಿ ಬರಲಿಲ್ಲ.

ಏಳು ಗಂಟೆಗೆ ದೀಪ ಹತ್ತಿಕೊಂಡಾಗ ಜನರೆಲ್ಲ "ಹೋ" ಎಂದರು, ನಾವೂ ಎಂದೆವು. ಮರುದಿನ ಬೆಳಿಗ್ಗೆ ಸಿಟಿ ಬಸ್‌ಸ್ಟ್ಯಾಂಡಿನಿಂದ 201ನೇ ನಂಬರಿನ ಬಸ್ಸಿನಲ್ಲಿ ಚಾಮುಂಡಿ ಬೆಟ್ಟ. ಹತ್ತುವುದು ಬಸ್ಸಿನಲ್ಲಿ, ಇಳಿಯುವುದು ಮೆಟ್ಟಿಲಲ್ಲಿ ಎಂದಿಟ್ಟುಕೊಳ್ಳಿ. ಮೆಟ್ಟಿಲು ಸಾವಿರದಷ್ಟು, ನಡುವೆ ದೊಡ್ಡ ನಂದಿ. ಕೆಳಗೆ ಆಟೋದವರು ಹೇಳಿದ ದರವನ್ನು ಅವಳು ಅರ್ಧಕ್ಕೆ ಇಳಿಸಿದಳು, ಪರ್ಸು ಅವಳದಲ್ಲವೇ! ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಸಾಲು, ಕುಂಕುಮದ ರಾಶಿ ನೋಡಲು ದುಡ್ಡು ಬೇಡ. ಆದರೂ ಮೈಸೂರು ಮಲ್ಲಿಗೆ ಒಂದು ಮೊಳ ತೆಗೆದು ಇಬ್ಬರೂ ಮುಡಿದೆವು. ಪರಿಮಳ ಒಳ್ಳೆಯದೇ, ಆದರೆ ನಮ್ಮ ಮಂಗಳೂರು ಮಲ್ಲಿಗೆಯ ಬಿಗಿ ಚೆಂಡಿನ ಚಂದವೇ ಬೇರೆ ಎಂದು ಅವಳು, ಅಲ್ಲ ಎಂದು ನಾನು, ಕುಶಾಲನಗರದವರೆಗೆ ವಾದ.

ರಾತ್ರಿ ಸುಳ್ಯದಲ್ಲಿ ಇಳಿದಾಗ ಅವಳ ಯಜಮಾನರು ಬೈಕು ತಂದು ಕಾಯುತ್ತಿದ್ದರು. ಪರ್ಸಿನಲ್ಲಿ 310 ರೂಪಾಯಿ ಉಳಿದಿತ್ತು. ಅರ್ಧ ಕೊಡು ಎಂದೆ. ಕೊಡಲಿಲ್ಲ, "ಇದು ಮಡಿಕೇರಿಗೆ" ಎಂದು ಸೆರಗಿಗೆ ಕಟ್ಟಿಕೊಂಡಳು.

2025ರ ಜನವರಿಯಲ್ಲಿ ಬಸ್ ದರ ಏರಿದೆ. ಆದ್ದರಿಂದ ಟಿಕೆಟ್ ಕೊಡಬೇಕಾದವರು ನಮ್ಮ ಲೆಕ್ಕದ ಮೇಲೆ ಇನ್ನೂ ಇನ್ನೂರು ಸೇರಿಸಿಕೊಳ್ಳಿ. ಅರಮನೆ ಟಿಕೆಟಿನ ದರವನ್ನೂ ಮೊದಲೇ ವಿಚಾರಿಸಿ. ಮಳೆ ಬಿಟ್ಟು, ದಸರಾ ಮುಗಿದು, ಅಡಿಕೆ ಕೊಯ್ಲಿನ ಗಡಿಬಿಡಿ ಸುರುವಾಗುವ ಮೊದಲು ಹೊರಟರೆ ಮನೆಯಲ್ಲೂ ತಕರಾರು ಕಡಿಮೆ.

ಮುಂದಿನ ಸಂಚಿಕೆಯಲ್ಲಿ ಮಳೆಗಾಲಕ್ಕೆ ಉಪ್ಪು ಸೊಳೆ ಹಾಕಿಡುವ ವಿಧಾನ. ಭರಣಿ ತೊಳೆದು ಬಿಸಿಲಿಗೆ ಇಟ್ಟಿರಿ.